ಟೆಸ್ಟ್ ಈಗ್ಲೇ ಮಾಡಿಸ್ಲಾ, ಸ್ವಲ್ಪ ಕಾಯ್ಲಾ, ಇನ್ನೊಬ್ರು ಡಾಕ್ಟರನ್ನ ಕೇಳ್ಲಾ? ಐದು ದಾರಿ, ಯಾರಿಗೆ ಯಾವ್ದು

ಡಾಕ್ಟರ್ ಸ್ಕ್ಯಾನ್ ಬರ್ಕೊಟ್ಟಿದಾರೆ, ಮಾಡಿಸ್ಲಾ ಇಲ್ಲ ಸ್ವಲ್ಪ ದಿನ ನೋಡ್ಲಾ? ವರ್ಷಕ್ಕೊಂದ್ಸಲ ಫುಲ್ ಬಾಡಿ ಚೆಕಪ್ ಮಾಡಿಸ್ಕೊಂಡ್ರೆ ಒಳ್ಳೇದಲ್ವಾ? ಆಪರೇಷನ್ ಅಂದ್ಬಿಟ್ರು, ಇನ್ನೊಬ್ರನ್ನ ಕೇಳಿದ್ರೆ ಇವ್ರು ಬೇಜಾರ್ ಮಾಡ್ಕೋತಾರಾ? ಈ ಪ್ರಶ್ನೆಗಳು ಬೇರೆ ಬೇರೆ ಥರ ಕಂಡ್ರೂ ಒಳಗಿರೋ ಗೊಂದಲ ಒಂದೇ, ಎದುರಿಗೆ ನಾಲ್ಕೈದು ದಾರಿ ಇದೆ, ಮೈ ಹುಷಾರಿಲ್ಲ, ಭಯ ಬೇರೆ, ಅಂಥ ಹೊತ್ತಲ್ಲೇ ನಿರ್ಧಾರ ಮಾಡ್ಬೇಕು. ಅದಕ್ಕೆ ಆರಾಮಾಗಿದ್ದಾಗ್ಲೇ ಇದನ್ನ ಒಂದ್ಸಲ ಯೋಚ್ನೆ ಮಾಡಿಟ್ಕೊಳ್ಳೋದು ಒಳ್ಳೇದು ಅಂತ ಬರೀತಿದೀನಿ.

ಮೊದ್ಲೇ ಒಂದು ಮಾತು. ಎದೆ ಹಿಂಡಿದಂಗಾಗಿ ಬೆವರ್ತಿದೀರಾ, ಮುಖ ಒಂದು ಕಡೆ ಸೊಟ್ಟ ಆಗಿದೆ, ಒಂದು ಕೈ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ, ಉಸಿರು ಸಿಗ್ತಿಲ್ಲ, ಹಿಂದೆ ಯಾವತ್ತೂ ಬಂದಿರದಂಥ ತಲೆನೋವು ದಿಢೀರ್ ಅಂತ ಬಂದಿದೆ, ಇಂಥದ್ದಕ್ಕೆ ಈ ಬರಹ ಅಲ್ಲ. ಓದೋದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಟೆಸ್ಟೇ ಮಾಡಿಸ್ಬೇಡಿ ಅಂತಾನೂ ನಾನು ಹೇಳ್ತಿಲ್ಲ. ಬೇಕಾದ ಟೆಸ್ಟ್ ಮುಂದಕ್ಕೆ ಹಾಕಿ ಕಷ್ಟಕ್ಕೆ ಸಿಕ್ಕೋರು ಇದಾರೆ, ಹಾಗೇ ಬೇಡದ ಟೆಸ್ಟಿಂದ ಶುರುವಾಗಿ ಬೇಡದ ಆಪರೇಷನ್ ತನಕ ಹೋದೋರೂ ಇದಾರೆ, ಈ ಎರಡನೇವ್ರ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ. 2012ರಲ್ಲಿ ಅಮೆರಿಕದಲ್ಲಿ 'ಚೂಸಿಂಗ್ ವೈಸ್ಲಿ' ಅಂತ ಒಂದು ಅಭಿಯಾನ ಶುರುವಾಯ್ತು, ಶುರು ಮಾಡಿದ್ದು ಡಾಕ್ಟರ್‌ಗಳೇ. ಒಂದೊಂದು ವಿಭಾಗದ ತಜ್ಞರ ಸಂಘದವ್ರು ತಮ್ಮ ಕೆಲಸದಲ್ಲಿ ಸುಮ್ನೆ ನಡ್ಕೊಂಡು ಬರ್ತಿರೋ ಟೆಸ್ಟು, ಚಿಕಿತ್ಸೆ ಯಾವ್ಯಾವ್ದು ಅಂತ ತಾವೇ ಪಟ್ಟಿ ಮಾಡಿದ್ರು, ಆಮೇಲೆ ಬೇರೆ ದೇಶದವ್ರೂ ಇದನ್ನ ಎತ್ಕೊಂಡ್ರು. ಹಾಗಾಗಿ 'ಡಾಕ್ಟ್ರೇ, ಇದು ಬೇಕೇ ಬೇಕಾ?' ಅಂತ ಕೇಳಿದ್ರೆ ಅವ್ರ ಮೇಲೆ ಅನುಮಾನ ಪಟ್ಟಂಗಲ್ಲ.

ಯಾವ್ದರ ಮೇಲೆ ಅಳೀಬೇಕು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ರಿಪೋರ್ಟ್ ಬಂದ್ಮೇಲೆ ಏನಾದ್ರೂ ಬದಲಾಗುತ್ತಾ? ರಿಪೋರ್ಟ್ ಹಿಂಗೆ ಬಂದ್ರೂ ಅದೇ ಮಾತ್ರೆ ಅದೇ ವ್ಯಾಯಾಮ, ಹಂಗೆ ಬಂದ್ರೂ ಅದೇ ಮಾತ್ರೆ ಅದೇ ವ್ಯಾಯಾಮ ಅಂತಿದ್ರೆ ಆ ಟೆಸ್ಟಿಂದ ಸಿಗೋದು ಒಂದು ಕಾಗದ ಅಷ್ಟೆ. ನನ್ನ ಪ್ರಕಾರ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ರೆ ಮುಕ್ಕಾಲು ಪಾಲು ನಿರ್ಧಾರ ಆದಂಗೆ. ಅದಾದ್ಮೇಲೆ ಅವಸರ ಎಷ್ಟಿದೆ ಅನ್ನೋದು: ಇವತ್ತು ಬಿಟ್ಟು ಎರಡು ವಾರ ಆದ್ಮೇಲೆ ಮಾಡಿಸಿದ್ರೆ ಕೈ ಮೀರಿ ಹೋಗೋದು ಏನಾದ್ರೂ ಇದ್ಯಾ?

ಮೂರನೇದನ್ನ ಹೆಚ್ಚಿನವ್ರು ಲೆಕ್ಕಕ್ಕೇ ತಗೊಳ್ಳಲ್ಲ, ಅದು ಸುಳ್ಳು ಗಾಬರಿ. ಲ್ಯಾಬ್ ರಿಪೋರ್ಟಲ್ಲಿ ಪಕ್ಕದಲ್ಲಿ ನಾರ್ಮಲ್ ರೇಂಜ್ ಅಂತ ಹಾಕಿರ್ತಾರಲ್ಲ, ಅದನ್ನ ಸಾಮಾನ್ಯವಾಗಿ ಗೊತ್ತು ಮಾಡೋದು ಆರೋಗ್ಯವಾಗಿರೋ ನೂರು ಜನರಲ್ಲಿ 95 ಜನ ಅದ್ರೊಳಗೆ ಬರೋ ಹಂಗೆ. ಅಂದ್ರೆ ಯಾವ ಕಾಯಿಲೆನೂ ಇಲ್ದೆ 5 ಜನ ಹೊರಗೇ ಬೀಳ್ತಾರೆ. ಈಗ ಒಂದಕ್ಕೊಂದು ಸಂಬಂಧ ಇಲ್ದಿರೋ 20 ಟೆಸ್ಟ್ ಒಟ್ಟಿಗೆ ಮಾಡಿಸಿದ್ರೆ ಗಟ್ಟಿಮುಟ್ಟಾಗಿರೋ ಮನುಷ್ಯಂಗೂ ಒಂದಾದ್ರೂ ರೇಂಜ್ ದಾಟೋ ಸಾಧ್ಯತೆ ನೂರಕ್ಕೆ ಸುಮಾರು 64. ಆ ಒಂದು ಸಾಲು ದಪ್ಪ ಅಕ್ಷರದಲ್ಲಿ ಪಕ್ಕದಲ್ಲೊಂದು ಬಾಣದ ಗುರುತು ಹಾಕ್ಕೊಂಡು ಬರುತ್ತೆ, ಮಿಕ್ಕಿದ 19 ಸಾಲು ಯಾರ ಕಣ್ಣಿಗೂ ಬೀಳಲ್ಲ, ರಾತ್ರಿಯೆಲ್ಲಾ ಫೋನಲ್ಲಿ ಹುಡುಕ್ತಾ ಕೂತು ಬೆಳಗ್ಗೆದ್ದು ಇನ್ನೊಂದು ಟೆಸ್ಟಿಗೆ ಓಡೋದು ಇಲ್ಲಿಂದ್ಲೇ ಶುರು.

ನಾಲ್ಕನೇದು ಮೈಗೆ ಆಗೋ ತೊಂದ್ರೆ. ಎದೆ ಎಕ್ಸ್‌ರೇ ಒಂದಕ್ಕೆ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಹೊಟ್ಟೆ ಸಿಟಿ ಸ್ಕ್ಯಾನಿಗೆ ಸುಮಾರು 8ರಿಂದ 10, ನೆಲದಿಂದ ಗಾಳಿಯಿಂದ ಆಕಾಶದಿಂದ ತಾನಾಗೇ ನಮಗೆಲ್ಲಾ ಬರೋದು ವರ್ಷಕ್ಕೆ ಸರಾಸರಿ 2.4. ಬೇಕಾದಾಗ ಒಂದು ಸಿಟಿ ಮಾಡಿಸೋಕೆ ಹೆದರೋದು ಖಂಡಿತಾ ಬೇಡ, ಆದ್ರೆ ಹೋದ ತಿಂಗಳು ಮಾಡಿಸಿದ್ದರ ಫಿಲ್ಮ್ ಎಲ್ಲೋ ಕಳ್ದೋಗಿದೆ ಅಂತ ಮತ್ತೆ ಮಾಡಿಸೋದು, ಅದರಲ್ಲೂ ಮಕ್ಕಳಿಗೆ ಹಂಗೆ ಮಾಡಿಸೋದು ಸರಿಯಲ್ಲ. ಅಲ್ಟ್ರಾಸೌಂಡ್, ಎಂಆರ್‌ಐ ಎರಡರಲ್ಲೂ ಈ ವಿಕಿರಣ ಇಲ್ಲ.

ಇನ್ನುಳಿದಿದ್ದು ಎರಡು. ಮಾಡಿದ್ದನ್ನ ವಾಪಸ್ ತಗೊಳ್ಳೋಕಾಗುತ್ತಾ ಅನ್ನೋದು ಒಂದು: ಮಾತ್ರೆ ನಿಲ್ಲಿಸ್ಬಹುದು, ತೆಗೆದ ಗ್ರಂಥಿ ಮತ್ತೆ ಬರಲ್ಲ. ಇನ್ನೊಂದು ಖರ್ಚು, ಅದು ಬಿಲ್ಲಲ್ಲಿ ಕಾಣೋ ಒಂದು ಟೆಸ್ಟಿನ ಖರ್ಚಲ್ಲ, ಅದ್ರ ಬಾಲ ಹಿಡ್ಕೊಂಡು ಬರೋ ಎರಡನೇ ಟೆಸ್ಟು, ಸ್ಪೆಷಲಿಸ್ಟ್ ಫೀಸು, ಹಾಕಿದ ರಜೆ, ಜೊತೆಗೆ ಬಂದವ್ರ ರಜೆ ಎಲ್ಲಾ ಸೇರಿಸಿ.

ಒಂದು: ಹೇಳಿದ ಕೂಡ್ಲೇ ಮಾಡಿಸೋದು

ರಿಪೋರ್ಟ್ ಮೇಲೆ ಮುಂದಿನ ಹೆಜ್ಜೆ ನಿಂತಿದ್ರೆ, ಡಾಕ್ಟರ್ ಮುಟ್ಟಿ ನೋಡಿ ಕೇಳಿ ವಿಚಾರಿಸಿ ಆದ್ಮೇಲೆ ಬರ್ದಿದ್ರೆ ಇದೇ ಸರಿಯಾದ ದಾರಿ. ಮುಟ್ಟಿ ನೋಡೋದಕ್ಕೆ ಎಷ್ಟು ಬೆಲೆ ಇದೆ ಅಂತ ತಿಳ್ಕೋಬೇಕಂದ್ರೆ ಪಾದದ ಗಂಟು ಉಳುಕಿದ ಉದಾಹರಣೆ ತಗೊಳ್ಳಿ. ಮೊದ್ಲೆಲ್ಲಾ ಉಳುಕಿದ ಕಾಲಿಗೆಲ್ಲಾ ಎಕ್ಸ್‌ರೇ ತೆಗೀತಿದ್ರು, ಅದ್ರಲ್ಲಿ ಮೂಳೆ ಮುರಿದಿರೋರು ಕಮ್ಮಿನೇ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಡಾಕ್ಟರ್‌ಗಳು ಸುಲಭದ ನಿಯಮ ಮಾಡಿದ್ರು. ಗಂಟಿನ ಎರಡೂ ಪಕ್ಕ ಉಬ್ಬಿರೋ ಮೂಳೆ ಇದ್ಯಲ್ಲ, ಅದ್ರ ಹಿಂದಿನ ಅಂಚನ್ನ, ಕೆಳಗಿನ ತುದಿನ ಬೆರಳಲ್ಲಿ ಒತ್ತಿದ್ರೆ ನೋವಾಗುತ್ತಾ? ಪೆಟ್ಟಾದ ತಕ್ಷಣನೂ ಆಗ್ಲಿಲ್ಲ ಈಗ್ಲೂ ಆಗ್ತಿಲ್ಲ ಅನ್ನೋ ಥರ ನಾಲ್ಕು ಹೆಜ್ಜೆ ಇಡೋಕೂ ಕಷ್ಟನಾ? ಪಾದದಲ್ಲಿರೋ ಎರಡು ಮೂಳೆಗೂ ಇದೇ ಥರ ಒತ್ತಿ ನೋಡ್ತಾರೆ. ಯಾವ್ದೂ ಇಲ್ಲ ಅಂದ್ರೆ ಮೂಳೆ ಮುರಿದಿರೋ ಸಾಧ್ಯತೆ ತೀರಾ ಕಡಿಮೆ, ಎಕ್ಸ್‌ರೇ ಬೇಡ. ಒಂದು ಇದ್ರೂ ಎಕ್ಸ್‌ರೇ ತೆಗೀಬೇಕು, ಅಲ್ಲಿ ಕಾಯೋದು ತಪ್ಪು. ಒಂದೇ ಕಾಲು ನೋವು, ಒಬ್ಬರಿಗೆ ಬೇಕಾದ ಟೆಸ್ಟು ಇನ್ನೊಬ್ಬರಿಗೆ ಬೇಡ, ಅದನ್ನ ಗೊತ್ತು ಮಾಡಿದ್ದು ಬೆರಳು.

ಈ ದಾರಿಯ ಅನುಕೂಲ, ಅನುಮಾನ ಬೇಗ ಬಗೆಹರಿಯುತ್ತೆ. ಅನನುಕೂಲ, ಡಾಕ್ಟರ್ ತಲೆ ಎತ್ತಿ ನಿಮ್ಮ ಮುಖನೂ ನೋಡ್ದೆ ಬರ್ದ ಟೆಸ್ಟನ್ನೂ ಅಷ್ಟೇ ವಿಧೇಯವಾಗಿ ಮಾಡಿಸ್ಕೊಂಡು ಬರ್ತೀವಿ.

ಎರಡು: ಡೇಟ್ ಇಟ್ಕೊಂಡು ಕಾಯೋದು

ಕಾಯೋದು ಅಂದ್ರೆ ಸುಮ್ನೆ ಬಿಡೋದಲ್ಲ. 'ಇಷ್ಟು ದಿನ ನೋಡ್ತೀವಿ, ಅಷ್ಟರೊಳಗೆ ಇಂಥದ್ದು ಕಾಣಿಸಿದ್ರೆ ತಕ್ಷಣ ಬರ್ತೀವಿ, ಕಾಣಿಸ್ದೆ ಇದ್ರೂ ಇಂಥ ತಾರೀಕಿಗೆ ಬಂದು ತೋರಿಸ್ತೀವಿ' ಅಂತ ಡಾಕ್ಟರ್ ಜೊತೆ ಕೂತು ಗೊತ್ತು ಮಾಡ್ಕೊಂಡು ಕಾಯೋದು. ಡೇಟ್ ಇಲ್ದೆ ಕಾಯೋದನ್ನ ನಾನು ಯಾರಿಗೂ ಹೇಳಲ್ಲ.

ಇದು ಚೆನ್ನಾಗಿ ಕೆಲಸ ಮಾಡೋದು ಹೊಸದಾಗಿ ಬಂದ ಸೊಂಟ ನೋವಿಗೆ. ಹೆಚ್ಚಿನವ್ರಿಗೆ ಕೆಲವು ವಾರದಲ್ಲಿ ಕಮ್ಮಿ ಆಗುತ್ತೆ, ಅದಕ್ಕೇ ಅಪಾಯದ ಲಕ್ಷಣ ಇಲ್ದಿದ್ರೆ ಮೊದಲ 6 ವಾರ ಸ್ಕ್ಯಾನ್ ಬೇಡ ಅನ್ನೋದು ಒಪ್ಪಿತ ಸಲಹೆ. ಅಪಾಯದ ಲಕ್ಷಣ ಯಾವ್ದು ಅಂದ್ರೆ ಕಾಲಲ್ಲಿ ಶಕ್ತಿ ಕಮ್ಮಿ ಆಗ್ತಾ ಹೋಗೋದು, ಮೂತ್ರ ಕಟ್ಟೋದು ಅಥವಾ ಹತೋಟಿ ತಪ್ಪೋದು, ತೊಡೆ ಸಂದಿ ಸುತ್ತಮುತ್ತ ಜೋಮು ಹಿಡಿಯೋದು, ಜ್ವರ, ಕಾರಣ ಇಲ್ದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಬಂದಿದ್ದು, ಬಿದ್ದು ಜೋರು ಪೆಟ್ಟಾಗಿದ್ದು. ಇದ್ರಲ್ಲಿ ಯಾವ್ದೇ ಇದ್ರೂ ಕಾಯೋ ಮಾತೇ ಇಲ್ಲ. ಇಲ್ದಿದ್ರೆ ಬೇಗ ಎಂಆರ್‌ಐ ಮಾಡಿಸಿದ್ರೆ ತಪ್ಪೇನು ಅಂತ ಕೇಳ್ತೀರಿ. ತಪ್ಪು ಅಲ್ಲೇ ಇರೋದು: ಬೆನ್ನುನೋವೇ ಇಲ್ದಿರೋ ಜನರ ಸ್ಕ್ಯಾನ್‌ಗಳನ್ನ ಒಟ್ಟು ಮಾಡಿ 2015ರಲ್ಲಿ ಒಂದು ವಿಮರ್ಶೆ ಬಂತು, ಅದ್ರಲ್ಲಿ 20 ವರ್ಷದವ್ರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ (ಬೆನ್ನುಮೂಳೆಗಳ ಮಧ್ಯೆ ಇರೋ ಮೆತ್ತೆ) ಸವೆತ ಇತ್ತು, 80 ವರ್ಷದವ್ರಲ್ಲಿ 96 ಜನಕ್ಕೆ. ಹಾಗಾಗಿ ರಿಪೋರ್ಟಲ್ಲಿ 'ಡಿಸ್ಕ್ ಬಲ್ಜ್', ಅಂದ್ರೆ ಡಿಸ್ಕ್ ಉಬ್ಬಿದೆ ಅಂತ ಬಂದ ತಕ್ಷಣ ನೋವಿಗೆ ಕಾರಣ ಸಿಕ್ತು ಅಂತ ಅಲ್ಲ, ಆದ್ರೆ ಆ ಪದ ಓದಿದವ್ರು ಬಗ್ಗೋಕೆ ಹೆದರ್ತಾರೆ, ಓಡಾಡೋದು ಬಿಡ್ತಾರೆ, ಬೆನ್ನು ಇನ್ನೂ ಬಿಗಿಯಾಗುತ್ತೆ.

ಕೆಮ್ಮು, ನೆಗಡಿನೂ ಇದೇ ಗುಂಪು. ಎದೆಯಲ್ಲಿ ಕಫ ಕಟ್ಟಿ ಬರೋ ಸಾಮಾನ್ಯ ಕೆಮ್ಮು ಒಂದು ವಾರದಲ್ಲಿ ಹೋಗ್ಬೇಕು ಅಂತ ನಾವು ಅಂದ್ಕೊಂಡಿರ್ತೀವಿ, ನಿಜವಾಗಿ ಸರಾಸರಿ ಎರಡೂವರೆ ವಾರ ಇರುತ್ತೆ. ಹೆಚ್ಚಿನಂಶ ಅದು ವೈರಸ್, ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡಲ್ಲ, ಬದಲಿಗೆ ಭೇದಿ, ಮೈಮೇಲೆ ಗುಳ್ಳೆ, ಮುಂದೆ ಔಷಧಿ ನಾಟದೆ ಇರೋ ಬ್ಯಾಕ್ಟೀರಿಯಾ ಇವನ್ನ ತರುತ್ತೆ. ಉಸಿರು ಕಟ್ಟಿದ್ರೆ, ರಕ್ತ ಬಂದ್ರೆ, ಜ್ವರ ಇಳೀದಿದ್ರೆ, ಮೂರು ವಾರ ದಾಟಿದ್ರೆ ತೋರಿಸ್ಲೇಬೇಕು.

ಕಾಯೋದು ಕ್ಯಾನ್ಸರಿಗೂ ಹೊಂದೋ ಸಂದರ್ಭ ಇದೆ ಅಂದ್ರೆ ಆಶ್ಚರ್ಯ ಆಗ್ಬಹುದು. ಪ್ರಾಸ್ಟೇಟ್ (ಗಂಡಸರಿಗೆ ಮೂತ್ರಕೋಶದ ಕೆಳಗಿರೋ ಗ್ರಂಥಿ) ಒಳಗೇ ಇರೋ ಕ್ಯಾನ್ಸರ್ ಬಗ್ಗೆ ಬ್ರಿಟನ್ನಲ್ಲಿ ದೊಡ್ಡ ಅಧ್ಯಯನ ಆಯ್ತು, ಕೆಲವ್ರಿಗೆ ಆಪರೇಷನ್, ಕೆಲವ್ರಿಗೆ ರೇಡಿಯೇಷನ್, ಉಳಿದವ್ರನ್ನ ಆಗಾಗ ಟೆಸ್ಟ್ ಮಾಡ್ತಾ ನೋಡ್ತಾ ಇದ್ರು. 15 ವರ್ಷದ ಫಲಿತಾಂಶ 2023ರಲ್ಲಿ ಬಂದಾಗ ಮೂರೂ ಗುಂಪಲ್ಲಿ ಆ ಕ್ಯಾನ್ಸರಿಂದ ಸತ್ತೋರು ನೂರಕ್ಕೆ ಸುಮಾರು 3 ಅಷ್ಟೇ. ಆದ್ರೆ ಇದನ್ನೂ ಹೇಳ್ಬೇಕು, ನೋಡ್ತಾ ಇದ್ದ ಗುಂಪಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ಜಾಸ್ತಿ ಜನಕ್ಕೆ, ಆಪರೇಷನ್ ಆದ ಗುಂಪಲ್ಲಿ ಮೂತ್ರ ಸೋರೋದು, ಲೈಂಗಿಕ ತೊಂದ್ರೆ ಜಾಸ್ತಿ. ಯಾವ್ದನ್ನ ಸಹಿಸ್ಕೋಬಹುದು ಅನ್ನೋದು ಆ ಮನುಷ್ಯನೇ ಹೇಳ್ಬೇಕಾದ ಮಾತು.

ಮೂರು: ಸಣ್ಣ ಹೆಜ್ಜೆ ಮೊದ್ಲು

ನನಗೆ ತುಂಬಾ ಇಷ್ಟವಾದ ದಾರಿ ಇದು, ಯಾಕಂದ್ರೆ ಕಾಯೋಕೆ ಭಯ ಪಡೋವ್ರಿಗೂ ಖರ್ಚಿಗೆ ಹಿಂದೆಮುಂದೆ ನೋಡೋವ್ರಿಗೂ ಹೊಂದುತ್ತೆ. ಕ್ಲಿನಿಕ್ಕಲ್ಲಿ ಬಿಪಿ ಜಾಸ್ತಿ ಬಂತು ಅಂತ ಅವತ್ತೇ ಜೀವನಪೂರ್ತಿ ಮಾತ್ರೆ ಶುರು ಮಾಡೋ ಬದಲು ಒಂದು ವಾರ ಮನೇಲಿ ಕೂತು ಐದು ನಿಮಿಷ ಸುಧಾರಿಸ್ಕೊಂಡು ಬೆಳಗ್ಗೆ ಸಂಜೆ ನೋಡಿ ಬರ್ಕೊಳ್ಳಿ. ಬಿಳಿ ಕೋಟು ಕಂಡ್ರೆ ಮಾತ್ರ ಬಿಪಿ ಏರೋರು ತುಂಬಾ ಜನ ಇದಾರೆ. ತೀರಾ ಜಾಸ್ತಿ ಇದ್ರೆ, ಜೊತೆಗೆ ತಲೆನೋವು, ಎದೆನೋವು, ಕಣ್ಣು ಮಂಜಾಗೋದು ಇದ್ರೆ ಮಾತ್ರ ಬೇರೆ ಮಾತು. ರಕ್ತದ ರಿಪೋರ್ಟಲ್ಲಿ ಒಂದು ಅಂಕೆ ಸ್ವಲ್ಪ ಆಚೀಚೆ ಆಗಿದ್ರೆ ಸ್ಕ್ಯಾನಿಗೆ ಓಡೋ ಮುಂಚೆ ಅದೇ ಟೆಸ್ಟನ್ನ ಕೆಲವು ದಿನ ಬಿಟ್ಟು ಇನ್ನೊಂದ್ಸಲ ಮಾಡಿಸ್ಬಹುದಾ ಅಂತ ಕೇಳಿ. ಪಿತ್ತಕೋಶದ ಕಲ್ಲಿನ ಅನುಮಾನಕ್ಕೆ ಸಿಟಿಗಿಂತ ಮೊದ್ಲು ಅಲ್ಟ್ರಾಸೌಂಡ್ ಸಾಕಾಗುತ್ತೆ.

ಇದ್ರ ಅನನುಕೂಲ, ಎರಡು ಸಲ ಓಡಾಟ ಆಗ್ಬಹುದು. ಹೇಗಿದ್ರೂ ದೊಡ್ಡ ಸ್ಕ್ಯಾನ್ ಬೇಕೇ ಆಗುತ್ತೆ ಅಂತ ಗೊತ್ತಿದ್ರೆ ಸಣ್ಣದ್ರಲ್ಲಿ ಸಮಯ ಕಳೀಬೇಡಿ, ನೇರ ದೊಡ್ಡದಕ್ಕೇ ಹೋಗಿ.

ನಾಲ್ಕು: ಇನ್ನೊಬ್ರು ಡಾಕ್ಟರನ್ನ ಕೇಳೋದು

ಅವಸರ ಇಲ್ಲದ, ವಾಪಸ್ ತಗೊಳ್ಳೋಕಾಗದ ಚಿಕಿತ್ಸೆ ಯಾವ್ದೇ ಇರ್ಲಿ, ಇದನ್ನ ಮಾಡ್ಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸಿಗೆ ಸವೆದು ಹರಿದ ಮಂಡಿಯ ಮೆದುಮೂಳೆನ ದುರ್ಬೀನಿನ ಆಪರೇಷನ್ನಲ್ಲಿ ಸರಿ ಮಾಡೋದು ಎಷ್ಟೋ ವರ್ಷದಿಂದ ನಡೀತಿತ್ತು. ಫಿನ್ಲೆಂಡಿನವ್ರು 146 ಜನರನ್ನ ತಗೊಂಡು ಅರ್ಧ ಜನಕ್ಕೆ ನಿಜವಾದ ಆಪರೇಷನ್ ಮಾಡಿದ್ರು, ಇನ್ನರ್ಧಕ್ಕೆ ಮಂಡಿಯೊಳಗೆ ದುರ್ಬೀನು ಹಾಕಿ ನೋಡಿ ಹರಿದಿದ್ದನ್ನ ಮುಟ್ಟದೆ ಹಾಗೇ ಮುಚ್ಚಿದ್ರು, ಯಾರಿಗೆ ಯಾವ್ದು ಅಂತ ರೋಗಿಗಳಿಗೆ ಹೇಳ್ಲಿಲ್ಲ. 2013ರಲ್ಲಿ ಫಲಿತಾಂಶ ಬಂತು, ಒಂದು ವರ್ಷ ಆದ್ಮೇಲೆ ಎರಡೂ ಗುಂಪಿಗೆ ನೋವು ಕಮ್ಮಿ ಆಗಿತ್ತು, ಸುಮಾರು ಒಂದೇ ಮಟ್ಟಕ್ಕೆ. ಇದು ಬಿದ್ದು ಪೆಟ್ಟಾಗಿ ಮಂಡಿ ಸಿಕ್ಕಾಕ್ಕೊಂಡು ಪೂರ್ತಿ ಚಾಚೋಕಾಗದೇ ಇರೋರ ವಿಷಯ ಅಲ್ಲ.

ಹೃದಯದ ಸ್ಟೆಂಟ್ (ಕಟ್ಟಿದ ರಕ್ತನಾಳನ ತೆರೆದಿಡೋ ಸಣ್ಣ ಕೊಳವೆ) ವಿಷಯದಲ್ಲಿ ಇನ್ನೂ ಎಚ್ಚರಿಕೆಯಿಂದ ಬಿಡಿಸಿ ನೋಡ್ಬೇಕು. ಹಾರ್ಟ್ ಅಟ್ಯಾಕ್ ಆಗ್ತಿರೋವಾಗ ಸ್ಟೆಂಟ್ ಜೀವ ಉಳಿಸುತ್ತೆ, ಆಗ ಸೆಕೆಂಡ್ ಒಪಿನಿಯನ್ ಕೇಳ್ತಾ ಕೂರೋದು ಪ್ರಾಣಕ್ಕೇ ಅಪಾಯ. ನಡೆದಾಗ ಮಾತ್ರ ಎದೆ ಬಿಗಿಯಾಗಿ ನಿಂತ್ರೆ ಹೋಗೋ, ತಿಂಗಳುಗಟ್ಟಲೆ ಒಂದೇ ಥರ ಇರೋ ನೋವು ಬೇರೆ. ಇಂಥ 5,000ಕ್ಕೂ ಹೆಚ್ಚು ಜನರ ಮೇಲೆ ನಡೆದ 'ಇಸ್ಕೀಮಿಯಾ' ಅನ್ನೋ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟ ಆಯ್ತು: ಒಳ್ಳೆ ಔಷಧಿಯ ಜೊತೆಗೆ ಮೊದ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಒಟ್ಟಾರೆ ಸಾವು, ಹಾರ್ಟ್ ಅಟ್ಯಾಕ್ ಕಮ್ಮಿ ಆಗ್ಲಿಲ್ಲ, ಎದೆನೋವು ಮಾತ್ರ ಚೆನ್ನಾಗಿ ಕಮ್ಮಿ ಆಯ್ತು. ಮುಖ್ಯ ರಕ್ತನಾಳದಲ್ಲೇ ದೊಡ್ಡ ಅಡ್ಡಿ ಇರೋರನ್ನ, ಹೃದಯ ತೀರಾ ದುರ್ಬಲ ಆಗಿರೋರನ್ನ ಅದ್ರಲ್ಲಿ ಸೇರಿಸಿರ್ಲಿಲ್ಲ. ಹಾಗಾಗಿ ಕೇಳ್ಬೇಕಾದ ಪ್ರಶ್ನೆ 'ನನ್ನದು ಯಾವ ಗುಂಪು, ಸ್ಟೆಂಟ್ ಹಾಕೋದು ಜೀವ ಉಳಿಸೋಕಾ ನೋವು ಕಮ್ಮಿ ಮಾಡೋಕಾ?' ನೋವು ಕಮ್ಮಿ ಆಗೋದೂ ಸಣ್ಣ ವಿಷಯ ಅಲ್ಲ, ಆದ್ರೆ ಅದಕ್ಕೆ ಮೊದ್ಲು ಔಷಧಿ ನೋಡೋ ಅವಕಾಶ ಇರುತ್ತೆ.

ಎರಡನೇ ಡಾಕ್ಟರ್ ಆದಷ್ಟು ಬೇರೆ ಆಸ್ಪತ್ರೆಯವ್ರಾಗಿರ್ಲಿ, ಆಪರೇಷನ್ ಮಾಡದ ವಿಭಾಗದವ್ರನ್ನೂ ಒಮ್ಮೆ ಕೇಳೋದು ಒಳ್ಳೇದು. ಮೊದಲನೇವ್ರು ಏನಂದ್ರು ಅಂತ ಮೊದ್ಲೇ ಹೇಳೋ ಬದಲು ರಿಪೋರ್ಟು ಫಿಲ್ಮು ಕೊಟ್ಟು 'ನಿಮಗೇನನ್ಸುತ್ತೆ' ಅಂತ ಕೇಳಿ. ಇಬ್ಬರೂ ಒಂದೇ ಹೇಳಿದ್ರೆ ಅಲ್ಲಿಗೆ ನಿಲ್ಲಿಸಿ, ನಮಗೆ ಬೇಕಾದ ಉತ್ತರ ಸಿಗೋ ತನಕ ಡಾಕ್ಟರ್ ಬದಲಾಯಿಸ್ತಾ ಹೋಗೋದ್ರಿಂದ ಕಾಯಿಲೆ ಮುಂದೆ ಹೋಗಿರುತ್ತೆ.

ಐದು: ಎಲ್ಲಾ ಸೇರಿಸಿದ ಪ್ಯಾಕೇಜ್ ಚೆಕಪ್

ಏನೂ ತೊಂದ್ರೆ ಇಲ್ದೆ ಸುಮ್ನೆ ಸಮಾಧಾನಕ್ಕೆ ಮಾಡಿಸೋ ದೊಡ್ಡ ಪ್ಯಾಕೇಜ್ ನನ್ನ ಪಟ್ಟಿಯಲ್ಲಿ ಕೊನೇದು. ಇಂಥ ಸಾಮಾನ್ಯ ಚೆಕಪ್ ಬಗ್ಗೆ 17 ಅಧ್ಯಯನ, ಎರಡೂವರೆ ಲಕ್ಷ ಜನರ ಲೆಕ್ಕ ಸೇರಿಸಿ ಕಾಕ್ರೇನ್ ಸಂಸ್ಥೆ 2019ರಲ್ಲಿ ಮಾಡಿದ ವಿಮರ್ಶೆಯಲ್ಲಿ ಒಟ್ಟು ಸಾವಿನ ಪ್ರಮಾಣದಲ್ಲಿ ಹೆಚ್ಚುಕಮ್ಮಿ ವ್ಯತ್ಯಾಸನೇ ಕಾಣ್ಲಿಲ್ಲ, ಕ್ಯಾನ್ಸರ್ ಸಾವಿನಲ್ಲೂ ಇಲ್ಲ. ಹಾನಿ ಹೇಗಾಗುತ್ತೆ ಅನ್ನೋದಕ್ಕೆ ದಕ್ಷಿಣ ಕೊರಿಯಾ ನೋಡಿ. ಅಲ್ಲಿ ಚೆಕಪ್ ಜೊತೆಗೆ ಸ್ವಲ್ಪ ದುಡ್ಡು ಸೇರಿಸಿದ್ರೆ ಥೈರಾಯ್ಡ್ ಅಲ್ಟ್ರಾಸೌಂಡೂ ಮಾಡೋರು. 1993ಕ್ಕೆ ಹೋಲಿಸಿದ್ರೆ 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಆಗೋದು 15 ಪಟ್ಟು ಆಯ್ತು, ಅದ್ರಿಂದ ಸಾಯೋರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಅಂದ್ರೆ ಸಿಕ್ಕಿದ್ದು ಹೆಚ್ಚಿನಂಶ ಜೀವನಪೂರ್ತಿ ತೊಂದ್ರೆ ಕೊಡದೇ ಇರ್ತಿದ್ದ ಸಣ್ಣ ಗಂಟುಗಳು. ಆದ್ರೆ ಪತ್ತೆ ಆದವ್ರಲ್ಲಿ ಬಹುಪಾಲು ಜನ ಗ್ರಂಥಿ ತೆಗೆಸ್ಕೊಂಡ್ರು, ಹಲವರು ಜೀವನಪೂರ್ತಿ ಹಾರ್ಮೋನ್ ಮಾತ್ರೆಗೆ ಬಿದ್ರು, ಕೆಲವ್ರಿಗೆ ಸ್ವರತಂತು ನರಕ್ಕೆ ಪೆಟ್ಟಾಗಿ ಧ್ವನಿ ಕೆಡ್ತು. ಕೊರಿಯಾದ ಡಾಕ್ಟರ್‌ಗಳೇ 2014ರಲ್ಲಿ ದನಿ ಎತ್ತಿದ್ಮೇಲೆ ಆಪರೇಷನ್ ಸಂಖ್ಯೆ ಬೇಗ ಇಳೀತು.

ಹಾಗಂತ ಏನೂ ಮಾಡಿಸ್ದೆ ಇರೋದೂ ಸರಿಯಲ್ಲ. ವಯಸ್ಸಿಗೆ ತಕ್ಕ, ಉಪಯೋಗ ಇದೆ ಅಂತ ಸಾಬೀತಾದ ತಪಾಸಣೆ ಇದೆ: ಬಿಪಿ, ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ನಡುವಯಸ್ಸು ದಾಟಿದ್ಮೇಲೆ ದೊಡ್ಡ ಕರುಳಿನದ್ದು, ಸ್ತನದ ಮ್ಯಾಮೋಗ್ರಾಂ, ತೂಕ ಜಾಸ್ತಿ ಇದ್ರೆ ಶುಗರ್. ಪ್ಯಾಕೇಜಲ್ಲಿ ಸೇರಿಸೋ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಗಳಲ್ಲಿ ಹೆಚ್ಚಿನವು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕೋಕೆ ಮಾಡಿದ್ದೇ ಅಲ್ಲ.

ಯಾರಿಗೆ ಯಾವ್ದು

ದುಡ್ಡು ಲೆಕ್ಕ ಹಾಕಿ ಖರ್ಚು ಮಾಡ್ಬೇಕಾದ ಮನೆ ಅಂದ್ರೆ ಮೂರನೇ ದಾರಿಗೆ ಮೊದಲ ಜಾಗ, ಪ್ಯಾಕೇಜಿಗೆ ಇಡೋ ದುಡ್ಡನ್ನ ದೊಡ್ಡ ನಿರ್ಧಾರ ಬಂದಾಗ ಎರಡನೇ ಡಾಕ್ಟರ್ ಫೀಸಿಗೆ ಎತ್ತಿಡಿ. ವಿಮೆ ಇದೆ, ಹೇಗಿದ್ರೂ ಕಂಪನಿ ಕೊಡುತ್ತೆ ಅನ್ನೋವ್ರಿಗೆ ಖರ್ಚಿನ ಅಳತೆ ಬಿಟ್ಹೋದ್ರೂ ಮಿಕ್ಕಿದ ಅಳತೆಗಳೆಲ್ಲಾ ಹಾಗೇ ಇರುತ್ತೆ, ವಿಕಿರಣನೂ ಸುಳ್ಳು ಗಾಬರಿನೂ ಯಾರ ದುಡ್ಡು ಅಂತ ಕೇಳಲ್ಲ.

ಆಸ್ಪತ್ರೆಯಿಂದ ದೂರ ಇರೋರು, ಒಬ್ರೇ ಇರೋರು ಕಾಯೋ ಅವಧಿನ ಚಿಕ್ಕದಾಗಿಟ್ಕೊಳ್ಳಿ, ಬೇರೆಯವ್ರಿಗೆ ಕಾಯ್ಬಹುದು ಅನ್ನೋ ಟೆಸ್ಟ್ ನಿಮಗೆ ಈಗ್ಲೇ ಮಾಡಿಸೋದು ಸರಿ ಇರ್ಬಹುದು. ಶುಗರ್, ಕಿಡ್ನಿ, ಥೈರಾಯ್ಡ್ ಅಂತ ಮೊದ್ಲಿಂದ ಕಾಯಿಲೆ ಇರೋರಿಗೆ ಗೊತ್ತಾದ ಅವಧಿಗೆ ಮಾಡಿಸೋ ಟೆಸ್ಟ್ ಅನಗತ್ಯ ಅಲ್ಲ, ಅದನ್ನ ದಯವಿಟ್ಟು ನಿಲ್ಲಿಸ್ಬೇಡಿ, ಅದ್ರ ಫಲಿತಾಂಶ ನೋಡೇ ಔಷಧಿಯ ಅಳತೆ ಬದಲಾಗೋದು. ವಯಸ್ಸಾದ ಅಪ್ಪ ಅಮ್ಮ ಇದ್ದು ದಿನಕ್ಕೆ ಹತ್ತು ಥರ ಮಾತ್ರೆ ನುಂಗ್ತಿದ್ರೆ ಹೊಸ ಟೆಸ್ಟಿಗಿಂತ ಮೊದ್ಲು ಎಲ್ಲಾ ಮಾತ್ರೆನೂ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ 'ಇದ್ರಲ್ಲಿ ಯಾವ್ದು ಇನ್ನೂ ಬೇಕು, ಯಾವ್ದು ಬಿಡ್ಬಹುದು' ಅಂತ ಡಾಕ್ಟರನ್ನ ಕೇಳಿ, ನೀವಾಗೇ ನಿಲ್ಲಿಸ್ಬೇಡಿ. ಎಷ್ಟೋ ಸಲ ತಲೆ ಸುತ್ತಿಗೆ ಕಾರಣ ಆ ಚೀಲದೊಳಗೇ ಇರುತ್ತೆ.

ಗಾಬರಿ ಸ್ವಭಾವದವ್ರಿಗೆ ಕಾಯೋದು ನಿಜಕ್ಕೂ ಹಿಂಸೆ, ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಅಂಥೋರು 'ನನಗೆ ಇಂಥ ಕಾಯಿಲೆ ಇರ್ಬಹುದು ಅಂತ ಭಯ' ಅಂತ ಬಾಯಿಬಿಟ್ಟು ಹೇಳ್ಬಿಡಿ. ಭಯ ಏನು ಅಂತ ಗೊತ್ತಾದ್ರೆ ಡಾಕ್ಟರ್ ಅದೊಂದಕ್ಕೇ ಸರಿಯಾಗಿ ಪರೀಕ್ಷೆ ಮಾಡಿ ಉತ್ತರ ಕೊಡ್ಬಹುದು, ಇಲ್ದಿದ್ರೆ ಹತ್ತು ಟೆಸ್ಟ್ ಆದ್ರೂ ಆ ಭಯ ಹಾಗೇ ಉಳಿದಿರುತ್ತೆ.

ಡಾಕ್ಟರ್ ಎದುರು ಕೂತಾಗ ಎಲ್ಲಾ ಮರ್ತೋಗುತ್ತೆ, ಅದಕ್ಕೆ ಚೀಟೀಲಿ ಬರ್ಕೊಂಡು ಹೋಗಿ. 'ಡಾಕ್ಟ್ರೇ, ಈ ಟೆಸ್ಟಲ್ಲಿ ಏನು ಹುಡುಕ್ತಿದೀರಿ? ಅದು ಸಿಕ್ರೆ ಏನು ಮಾಡ್ತೀವಿ, ಸಿಗದಿದ್ರೆ ಏನು ಮಾಡ್ತೀವಿ? ಇದಕ್ಕಿಂತ ಸುಲಭದ್ದು ಇದ್ಯಾ? ಎರಡು ವಾರ ನೋಡಿದ್ರೆ ಏನಾಗ್ಬಹುದು?' ಇಷ್ಟು ಸಾಕು. ಕೈಮುಗಿದು ಕೇಳೋದೂ ಬೇಡ, ಜಗಳದ ದನಿನೂ ಬೇಡ, ಮನೆಯವ್ರೊಬ್ರನ್ನ ಜೊತೆಗೆ ಕರ್ಕೊಂಡು ಹೋದ್ರೆ ಒಬ್ರು ಕೇಳ್ಬಹುದು ಇನ್ನೊಬ್ರು ಬರ್ಕೋಬಹುದು.

ಹಾಗೇ ಹಳೇ ರಿಪೋರ್ಟು, ಸ್ಕ್ಯಾನ್ ಫಿಲ್ಮು, ಸಿಡಿ, ಡಿಸ್ಚಾರ್ಜ್ ಚೀಟಿ ಎಲ್ಲಾ ತಾರೀಕಿನ ಪ್ರಕಾರ ಒಂದೇ ಫೈಲಿಗೆ ಹಾಕಿ, ಫೋನಲ್ಲೂ ಫೋಟೋ ತೆಗ್ದಿಡಿ, ಹೊಸ ಡಾಕ್ಟರ್ ಹತ್ರ ಹೋದ್ರೆ ಮೊದ್ಲು ಆ ಫೈಲನ್ನ ಮೇಜಿನ ಮೇಲಿಡಿ. ಹೋದ ತಿಂಗಳ ರಿಪೋರ್ಟ್ ಕಣ್ಣೆದುರಿಗೆ ಇದ್ರೆ ಎಷ್ಟೋ ಟೆಸ್ಟನ್ನ ಮತ್ತೆ ಬರೆಯೋ ಪ್ರಸಂಗನೇ ಬರಲ್ಲ.